ಬಾವಿ ಒಂದೇ, ಕೊಡ ಬೇರೆ: ಗೂಗಲ್ ಬಿಟ್ಟು ಹುಡುಕುವ ಬಗ್ಗೆ

ಎಲ್ಲರೂ ಒಂದು ನಿಮಿಷ ಫೋನ್ ತೆಗೆಯಿರಿ. ನೀವು ಕೊನೆಯದಾಗಿ ಹುಡುಕಿದ ಐದು ವಿಷಯ ಏನು ಅಂತ ನೋಡಿ. ನೋಡಿದ್ರಾ? ಈಗ ಆ ಫೋನನ್ನು ಪಕ್ಕದಲ್ಲಿ ಕೂತವರ ಕೈಗೆ ಕೊಡಿ.

ಯಾರೂ ಕೊಡಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬರು ನಕ್ಕು ಫೋನನ್ನು ಜೇಬಿಗೇ ವಾಪಸ್ ಹಾಕಿಕೊಂಡರು. ಅದರಲ್ಲಿ ಕದ್ದುಮುಚ್ಚಿ ಮಾಡಿದ್ದೇನೂ ಇರಲಿಕ್ಕಿಲ್ಲ. ಯಾವುದೋ ಮಾತ್ರೆಯ ಹೆಸರು, ಒಂದು ಸ್ಪೆಲ್ಲಿಂಗ್, ಜೊತೆಗೆ ಓದಿದ ಯಾರದೋ ಹೆಸರು, ಇಷ್ಟೇ ಇದ್ದೀತು. ಆದರೂ ಕೊಡಲು ಮನಸ್ಸು ಬರಲ್ಲ. "ನನ್ನ ಹತ್ರ ಮುಚ್ಚಿಡೋಕೆ ಏನೂ ಇಲ್ಲ" ಅಂತ ನನಗೆ ಹೇಳುವವರಿಗೆಲ್ಲ ನಾನು ಇದನ್ನೇ ಮಾಡಿಸುತ್ತೇನೆ. ಇಲ್ಲಿವರೆಗೆ ಫೋನ್ ಕೊಟ್ಟವರು ಒಬ್ಬರೂ ಇಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನೇನೂ ಗೂಗಲ್ ಬಿಟ್ಟು ಸನ್ಯಾಸ ತಗೊಂಡವನಲ್ಲ. ಈಗಲೂ ದಿನಕ್ಕೆ ಒಂದೆರಡು ಸಲ ಅಲ್ಲಿಗೆ ಹೋಗುತ್ತೇನೆ. ಯಾವಾಗ, ಯಾಕೆ ಅಂತ ಆಮೇಲೆ ಹೇಳ್ತೀನಿ.

ನೀವು ನಾಲ್ಕು ಪದ ಟೈಪ್ ಮಾಡಿ ಒತ್ತಿದಾಗ ಆ ಕಡೆಗೆ ಹೋಗುವುದು ಬರೀ ನಾಲ್ಕು ಪದಗಳಲ್ಲ. ಎಷ್ಟು ಗಂಟೆಗೆ ಕೇಳಿದಿರಿ, ಯಾವ ಐಪಿ ವಿಳಾಸದಿಂದ, ಅಂದರೆ ಇಂಟರ್ನೆಟ್ಟಿನಲ್ಲಿ ನಿಮ್ಮ ಸಂಪರ್ಕಕ್ಕಿರುವ ಯಾವ ನಂಬರಿನಿಂದ ಕೇಳಿದಿರಿ, ಯಾವ ಬ್ರೌಸರ್, ಯಾವ ಭಾಷೆ, ಹಿಂದೆ ಬಂದಾಗ ನಿಮ್ಮ ಬ್ರೌಸರ್‌ನಲ್ಲಿ ಇಟ್ಟ ಕುಕಿ ಅನ್ನೋ ಗುರುತಿನ ಚೀಟಿ, ಲಾಗಿನ್ ಆಗಿದ್ದರೆ ನಿಮ್ಮ ಖಾತೆ, ಎಲ್ಲಾ ಜೊತೆಗೇ ಹೋಗುತ್ತೆ. ಆಮೇಲೆ ಯಾವ ಫಲಿತಾಂಶ ಒತ್ತಿದಿರಿ ಅನ್ನೋದೂ ಅದಕ್ಕೆ ಸೇರುತ್ತೆ. ಇದರಲ್ಲಿ ಗುಟ್ಟೇನೂ ಇಲ್ಲ, ನಿಮ್ಮ ಖಾತೆಯಲ್ಲಿ 'ನನ್ನ ಚಟುವಟಿಕೆ' ಅನ್ನೋ ಪುಟ ತೆರೆದರೆ, ನಿಲ್ಲಿಸಿ ಅಂತ ನೀವು ಹೇಳಿಲ್ಲದಿದ್ದರೆ, ದಿನಾಂಕ ಸಮಯ ಸಮೇತ ಎಲ್ಲವೂ ಸಾಲಾಗಿ ನಿಂತಿರುತ್ತೆ.

ನಾನು ಒಂದು ಸಲ ಕೂತು ನನ್ನದನ್ನು ಹಿಂದಕ್ಕೆ ಹಿಂದಕ್ಕೆ ಓದುತ್ತಾ ಹೋದೆ. ಒಂದು ರಾತ್ರಿಯದು ಹೀಗಿತ್ತು. 1:50ಕ್ಕೆ, ಎಡಗೈ ಜೋಮು. 1:52ಕ್ಕೆ, ಎಡಗೈ ಜೋಮು ಹೃದಯಾಘಾತ. 2:05ಕ್ಕೆ, ಕೈ ಮೇಲೆ ಮಲಗಿದರೆ ಜೋಮು ಹಿಡಿಯುತ್ತದೆಯೇ. 2:20ಕ್ಕೆ, ಜೀವ ವಿಮೆ ಈಗ ಮಾಡಿಸಬಹುದೇ. ಓದಿ ನಗು ಬಂತು. ಆ ರಾತ್ರಿ ನಗು ಬಂದಿರಲಿಲ್ಲ. ಪಕ್ಕದಲ್ಲಿ ಮಲಗಿದ್ದ ಹೆಂಡತಿಗೂ ಹೇಳಿರಲಿಲ್ಲ, ಅವಳಿಗೆ ಇವತ್ತಿಗೂ ಗೊತ್ತಿಲ್ಲ, ಈ ಮಾತು ಕಿವಿಗೆ ಬಿದ್ದರೆ ಈಗ ಗೊತ್ತಾಗುತ್ತೆ. ಡಾಕ್ಟರಿಗೂ ಹೇಳಿರಲಿಲ್ಲ. ಹೇಳಿದ್ದು ಒಂದು ಖಾಲಿ ಪೆಟ್ಟಿಗೆಗೆ ಮಾತ್ರ.

ಜೋಮು ಅಂದಾಗ ನನಗೆ ಇನ್ನೊಂದು ಸಂಗತಿ ನೆನಪಾಗುತ್ತೆ. 2006ರ ಆಗಸ್ಟ್‌ನಲ್ಲಿ ಅಮೆರಿಕದ ಎಒಎಲ್ ಅನ್ನೋ ಇಂಟರ್ನೆಟ್ ಕಂಪನಿ ಒಂದು ಕಡತವನ್ನು ಎಲ್ಲರಿಗೂ ಸಿಗುವ ಹಾಗೆ ಇಂಟರ್ನೆಟ್ಟಿನಲ್ಲಿ ಹಾಕಿತು. ಸಂಶೋಧಕರಿಗೆ ಉಪಯೋಗ ಆಗಲಿ ಅಂತ. ಆರೂವರೆ ಲಕ್ಷ ಜನ ಮೂರು ತಿಂಗಳಲ್ಲಿ ಹುಡುಕಿದ ಸುಮಾರು 2 ಕೋಟಿ ಹುಡುಕಾಟಗಳು ಅದರಲ್ಲಿದ್ದವು. ಹೆಸರು ಇರಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ನಂಬರ್ ಕೊಟ್ಟಿದ್ದರು. ಹೆಸರಿಲ್ಲ ಅಂದಮೇಲೆ ಇನ್ನೇನು ತೊಂದರೆ ಅಂದುಕೊಂಡಿದ್ದರು.

ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರರು ಒಂದು ನಂಬರಿನ ಹಿಂದೆ ಬಿದ್ದರು. ಆ ನಂಬರಿನವರು ತಮ್ಮ ಊರಿನಲ್ಲಿ ತೋಟದ ಕೆಲಸ ಮಾಡುವವರನ್ನು ಹುಡುಕಿದ್ದರು. ಒಂದೇ ಮನೆತನದ ಹೆಸರಿರುವ ಕೆಲವರನ್ನು ಹುಡುಕಿದ್ದರು. ಎಲ್ಲದರ ಮೇಲೂ ಮೂತ್ರ ಮಾಡುವ ನಾಯಿಗೆ ಏನು ಮಾಡೋದು ಅಂತ ಕೇಳಿದ್ದರು. ಬೆರಳು ಮರಗಟ್ಟುವುದರ ಬಗ್ಗೆಯೂ ಕೇಳಿದ್ದರು. ವರದಿಗಾರರು ಹೋಗಿ ಬಾಗಿಲು ತಟ್ಟಿದರು. ವಯಸ್ಸಾದ ಒಬ್ಬ ಹೆಂಗಸು ಬಾಗಿಲು ತೆರೆದರು. ಹೌದು, ಇವೆಲ್ಲ ನನ್ನವೇ ಅಂದರು.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ನನ್ನ ಇಡೀ ಮಾತು ನಿಂತಿರೋದು ಇದರ ಮೇಲೆ. ನಾಯಿಯ ಪ್ರಶ್ನೆಯನ್ನು ಮಾತ್ರ ಕೈಗೆ ಕೊಟ್ಟರೆ ಯಾರು ಕೇಳಿದ್ದು ಅಂತ ಯಾರಿಗೂ ಗೊತ್ತಾಗಲ್ಲ. ಬೆರಳಿನ ಪ್ರಶ್ನೆಯೂ ಹಾಗೇ, ಲೋಕದ ತುಂಬ ಬೆರಳುಗಳಿವೆ. ಆ ಎರಡನ್ನೂ ತೋಟದ ಕೆಲಸ ಮತ್ತು ಮನೆತನದ ಹೆಸರಿನ ಜೊತೆ ಒಂದೇ ದಾರದಲ್ಲಿ ಪೋಣಿಸಿದ ಕೂಡಲೇ ಒಬ್ಬ ಮನುಷ್ಯೆ ಎದ್ದು ನಿಂತಳು. ಅಪಾಯ ಇರೋದು ಆ ದಾರದಲ್ಲಿ. ಖಾಸಗಿ ಸರ್ಚ್ ಎಂಜಿನ್ ಅಂತ ಇವತ್ತು ನಾವು ಕರೆಯೋದು ಮಾಡುವ ಕೆಲಸವೂ ಇಷ್ಟೇ, ನಿಮ್ಮ ಪ್ರಶ್ನೆಗಳನ್ನು ಪೋಣಿಸದೆ ಬಿಡಿಬಿಡಿಯಾಗಿ ಬಿಟ್ಟುಬಿಡೋದು.

ಹಾಗಾದರೆ ದಾರ ಯಾಕೆ ಬೇಕು ಗೂಗಲ್‌ನಂಥವರಿಗೆ? ಜಾಹೀರಾತಿಗೆ. ಜಾಹೀರಾತಿನ ದುಡ್ಡು ಏನು ಮಾಡುತ್ತೆ ಅಂತ ಗೂಗಲ್ ಹುಟ್ಟುಹಾಕಿದವರೇ ಆಗಲೇ ಹೇಳಿದ್ದರು ಅಂದ್ರೆ ನಂಬ್ತೀರಾ? 1998ರಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ತಮ್ಮ ಸರ್ಚ್ ಎಂಜಿನ್ ಬಗ್ಗೆ ಬರೆದ ಸಂಶೋಧನಾ ಲೇಖನದ ಕೊನೆಯಲ್ಲಿ ಒಂದು ಅನುಬಂಧ ಇದೆ. ಜಾಹೀರಾತಿನ ದುಡ್ಡಿನಲ್ಲಿ ನಡೆಯುವ ಸರ್ಚ್ ಎಂಜಿನ್ ತನ್ನ ಬಳಕೆದಾರರ ಕಡೆಗಿಂತ ಜಾಹೀರಾತು ಕೊಡುವವರ ಕಡೆಗೇ ವಾಲುತ್ತೆ ಅನ್ನೋದು ಅದರ ಸಾರ. ಎರಡೇ ವರ್ಷದಲ್ಲಿ, 2000ದ ಅಕ್ಟೋಬರ್‌ನಲ್ಲಿ, ಗೂಗಲ್‌ನದೇ ಜಾಹೀರಾತು ವ್ಯವಸ್ಥೆ ಆಡ್‌ವರ್ಡ್ಸ್ ಶುರುವಾಯಿತು. ನಾನು ವ್ಯಂಗ್ಯ ಮಾಡ್ತಿಲ್ಲ, ಕಂಪನಿ ನಡೀಬೇಕಲ್ಲ.

ಆದರೆ ಜಾಹೀರಾತಿಗೆ ನಿಜವಾಗಿ ದಾರ ಬೇಕೇ ಬೇಕಾ? ನೀವು 'ಸೈಕಲ್ ಟೈರ್' ಅಂತ ಹುಡುಕಿದರೆ ಸೈಕಲ್ ಟೈರಿನ ಜಾಹೀರಾತು ತೋರಿಸೋದಕ್ಕೆ ಆ ಎರಡು ಪದ ಸಾಕು. ನಿಮಗೆ ರಾತ್ರಿ ಕೈ ಜೋಮು ಹಿಡಿದಿತ್ತಾ ಅನ್ನೋದು ಗೊತ್ತಿರಬೇಕಾಗಿಲ್ಲ. 2008ರಲ್ಲಿ ಗೇಬ್ರಿಯಲ್ ವೈನ್‌ಬರ್ಗ್ ಶುರು ಮಾಡಿದ ಡಕ್‌ಡಕ್‌ಗೋ ಈ ಲೆಕ್ಕದಲ್ಲೇ ಇವತ್ತಿನವರೆಗೂ ನಡೆದಿದೆ. ಜಾಹೀರಾತು ಅಲ್ಲೂ ಇದೆ, ಆದರೆ ಆ ಕ್ಷಣ ನೀವು ಟೈಪ್ ಮಾಡಿದ ಪದಕ್ಕೆ ಮಾತ್ರ. ಹೆಸರು ಏನೋ ವಿಚಿತ್ರವಾಗಿದೆ, ಮಕ್ಕಳ ಆಟದ ಹೆಸರನ್ನು ತಿರುಚಿ ಇಟ್ಟಿದ್ದಾರೆ. ಇದನ್ನು ಯಾರಿಗಾದರೂ ಹೇಳಿದರೆ ಮೊದಲು ನಗ್ತಾರೆ. ಗೂಗಲ್ ಅನ್ನೋದೂ ಒಂದು ಕಾಲಕ್ಕೆ ಹಾಗೇ ಕೇಳಿಸಿತ್ತು.

ಸರಿ, ಬೇರೆ ದಾರಿ ಇದ್ದರೂ ಜನ ಯಾಕೆ ಹೋಗಲ್ಲ? ಹತ್ತರಲ್ಲಿ ಒಂಬತ್ತು ಹುಡುಕಾಟ ಈಗಲೂ ಒಂದೇ ಕಡೆ ನಡೆಯುತ್ತೆ. ಗೂಗಲ್ ಚೆನ್ನಾಗಿದೆ ಅನ್ನೋದು ನಿಜ. ಅದಕ್ಕಿಂತ ದೊಡ್ಡ ಕಾರಣ ಒಂದಿದೆ. ಫೋನ್ ಕೊಂಡಾಗ ಅದು ಅಲ್ಲೇ ಇರುತ್ತೆ. ಅಮೆರಿಕ ಸರ್ಕಾರ 2020ರಲ್ಲಿ ಹಾಕಿದ ಮೊಕದ್ದಮೆಯಲ್ಲಿ ಲೆಕ್ಕ ಹೊರಗೆ ಬಂತು. ಫೋನ್‌ಗಳಲ್ಲಿ, ಬ್ರೌಸರ್‌ಗಳಲ್ಲಿ ತನ್ನದೇ ಡಿಫಾಲ್ಟ್ ಆಗಿರಲಿ ಅಂತ ಗೂಗಲ್ 2021 ಒಂದೇ ವರ್ಷದಲ್ಲಿ 2,630 ಕೋಟಿ ಡಾಲರ್ ಕೊಟ್ಟಿತ್ತು. 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಇದು ಕಾನೂನು ಮೀರಿದ ಏಕಸ್ವಾಮ್ಯ ಅಂತ ತೀರ್ಪು ಕೊಟ್ಟರು. ಸ್ವಲ್ಪ ಯೋಚಿಸಿ. ಸೆಟ್ಟಿಂಗ್ಸ್‌ಗೆ ಹೋಗಿ ನಾಲ್ಕು ಸಲ ಬೆರಳು ಒತ್ತಿದರೆ ಬದಲಾಗುವ ವಿಷಯಕ್ಕೆ ಅಷ್ಟು ದುಡ್ಡು. ಆ ನಾಲ್ಕು ಸಲ ನಾವು ಒತ್ತಲ್ಲ ಅನ್ನೋದು ಅವರಿಗೆ ಗೊತ್ತು.

ಒಂಚೂರು ದಾರಿ ತಪ್ಪುತ್ತೇನೆ, ಈ ಕತೆ ಹೇಳದೆ ಇರೋಕಾಗಲ್ಲ. 2018ರಲ್ಲಿ ಯುರೋಪಿಯನ್ ಯೂನಿಯನ್ ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ 434 ಕೋಟಿ ಯೂರೊ ದಂಡ ಹಾಕಿತು. ಅದಾದ ಮೇಲೆ 2020ರಿಂದ ಅಲ್ಲಿನ ಹೊಸ ಫೋನ್‌ಗಳಲ್ಲಿ ಯಾವ ಸರ್ಚ್ ಎಂಜಿನ್ ಬೇಕು ಅಂತ ಕೇಳುವ ಪರದೆ ಬಂತು. ಒಳ್ಳೇದೇ ಅಲ್ವಾ? ಆದರೆ ಆ ಪರದೆಯಲ್ಲಿ ಜಾಗ ಬೇಕಾದರೆ ಹರಾಜಿನಲ್ಲಿ ಕೂಗಬೇಕಿತ್ತು. ಬಳಕೆದಾರರ ಬೆನ್ನು ಹತ್ತದ ಕಂಪನಿಗೆ ಒಬ್ಬೊಬ್ಬರಿಂದ ಬರೋ ದುಡ್ಡು ಕಡಿಮೆ, ಹಾಗಾಗಿ ಕೂಗೋ ಶಕ್ತಿಯೂ ಕಡಿಮೆ. ಬೆನ್ನು ಹತ್ತುವವರು ಜಾಸ್ತಿ ಕೂಗಿದರು. ಗಲಾಟೆ ಆಗಿ 2021ರಲ್ಲಿ ಹರಾಜು ನಿಂತಿತು.

ಇನ್ನೊಂದು. ನೀವಾ ಅಂತ ಒಂದು ಸರ್ಚ್ ಎಂಜಿನ್ ಇತ್ತು. ಜಾಹೀರಾತೇ ಇಲ್ಲ, ಚಂದಾ ಕಟ್ಟಿ ಬಳಸೋದು. ಕಟ್ಟಿದವರು ಯಾರು ಅಂದ್ರೆ ಗೂಗಲ್‌ನಲ್ಲಿ ಜಾಹೀರಾತು ವಿಭಾಗವನ್ನೇ ನಡೆಸಿದ್ದ ಶ್ರೀಧರ್ ರಾಮಸ್ವಾಮಿ ಮತ್ತು ಅವರ ಜೊತೆಗಾರರು. 2023ರಲ್ಲಿ ಮುಚ್ಚಿದರು. ಮುಚ್ಚುವಾಗ ಅವರು ಹೇಳಿದ್ದರ ಅರ್ಥ ಇದು: ದುಡ್ಡು ಕೊಡಿ ಅಂತ ಒಪ್ಪಿಸೋದು ಅಷ್ಟು ಕಷ್ಟ ಆಗಲಿಲ್ಲ, ಬೇರೆ ಸರ್ಚ್ ಎಂಜಿನ್ ಒಂದು ಸಲ ಬಳಸಿ ನೋಡಿ ಅಂತ ಒಪ್ಪಿಸೋದೇ ಕಷ್ಟ ಆಯಿತು.

ಈಗ ಯಾವುದಕ್ಕೆ ಹೋಗೋದು ಅನ್ನೋ ವಿಷಯಕ್ಕೆ ಬರೋಣ. ಇಲ್ಲಿ ಒಂದು ಸೂಕ್ಷ್ಮ ಇದೆ. ಸರ್ಚ್ ಎಂಜಿನ್ ಹೆಸರುಗಳು ಹತ್ತಾರು, ಆದರೆ ಇಡೀ ವೆಬ್ಬನ್ನು ತಾವೇ ಸುತ್ತಿ ತಾವೇ ಇಂಡೆಕ್ಸ್, ಅಂದರೆ ಪುಟಗಳ ಸೂಚಿ, ಕಟ್ಟುವವರು ಬೆರಳೆಣಿಕೆ. ಬಾವಿ ಎರಡೋ ಮೂರೋ, ಕೊಡ ಮಾತ್ರ ಬೇರೆ ಬೇರೆ. ಡಕ್‌ಡಕ್‌ಗೋ ಕೊಡದಲ್ಲಿರೋದು ಬಹುಪಾಲು ಮೈಕ್ರೋಸಾಫ್ಟ್‌ನ ಬಿಂಗ್ ಬಾವಿಯ ನೀರು. ನೆದರ್‌ಲ್ಯಾಂಡ್ಸ್‌ನ ಸ್ಟಾರ್ಟ್‌ಪೇಜ್ ತರೋದು ಹೆಚ್ಚಾಗಿ ಗೂಗಲ್ ಬಾವಿಯಿಂದ. ನಿಮ್ಮ ಪ್ರಶ್ನೆಯನ್ನು ಅದು ತನ್ನ ಹೆಸರಿನಲ್ಲಿ ಗೂಗಲ್‌ಗೆ ಕೇಳಿ, ಉತ್ತರ ತಂದು ನಿಮಗೆ ಕೊಡುತ್ತೆ. ಗೂಗಲ್‌ಗೆ ನೀವು ಕಾಣಲ್ಲ. ಗೂಗಲ್ ಫಲಿತಾಂಶವೇ ಬೇಕು, ಗೂಗಲ್ ಮಾತ್ರ ಬೇಡ ಅನ್ನುವವರಿಗೆ ಇದು ಸರಿಯಾಗುತ್ತೆ.

ಬಾವಿ ಒಂದೇ ಆದರೆ ಏನಾಗುತ್ತೆ ಅನ್ನೋದು 2024ರ ಮೇ 23ರಂದು ಎಲ್ಲರಿಗೂ ಗೊತ್ತಾಯಿತು. ಬಿಂಗ್ ಕೆಟ್ಟು ನಿಂತಿತು. ಡಕ್‌ಡಕ್‌ಗೋ ನಿಂತಿತು, ಅದೇ ಬಾವಿಯನ್ನು ನಂಬಿದ್ದ ಇಕೋಸಿಯಾ ಅನ್ನೋ ಸರ್ಚ್ ಎಂಜಿನ್ ನಿಂತಿತು. ಮರುವರ್ಷ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಬಿಂಗ್ ಸರ್ಚ್ ಎಪಿಐಗಳನ್ನೇ, ಅಂದರೆ ಬೇರೆಯವರು ಆ ಬಾವಿಯಿಂದ ನೀರು ತರೋ ದಾರಿಯನ್ನೇ ಮುಚ್ಚಿತು. ದೊಡ್ಡ ಒಪ್ಪಂದ ಇದ್ದವರಿಗೆ ತೊಂದರೆ ಆಗಲಿಲ್ಲ, ಸಣ್ಣವರು ಬೇರೆ ನೀರು ಹುಡುಕಬೇಕಾಯಿತು. ಅದಕ್ಕೇ ಸ್ವಂತ ಬಾವಿ ತೋಡುವವರ ಮೇಲೆ ನನಗೆ ಸ್ವಲ್ಪ ಜಾಸ್ತಿ ಪ್ರೀತಿ. ಬ್ರೇವ್ ಸರ್ಚ್ 2021ರಲ್ಲಿ ಬಂತು, 2023ರಲ್ಲಿ ಬಿಂಗ್ ಸಹವಾಸ ಪೂರ್ತಿ ಬಿಟ್ಟಿತು. ಬ್ರಿಟನ್ನಿನ ಮೋಜೀಕ್ ಅಂತೂ 2004ರಿಂದ ಒಂದೇ ಸಮನೆ ತೋಡುತ್ತಲೇ ಇದೆ. ಅದರ ಫಲಿತಾಂಶ ಎಷ್ಟೋ ಸಲ ಒರಟು, ಕೇಳಿದ್ದು ಒಂದು ಬಂದಿದ್ದು ಇನ್ನೊಂದು. ಆದರೆ ಬೇರೆಲ್ಲೂ ಕಾಣದ ಹಳೇ ವೈಯಕ್ತಿಕ ಪುಟಗಳು ಅಲ್ಲಿ ಧುತ್ತಂತ ಸಿಕ್ಕಿಬಿಡುತ್ತವೆ. ನಾನು ಭಾನುವಾರ ಸುಮ್ನೆ ಅಲೆಯೋಕೆ ಅಲ್ಲಿಗೆ ಹೋಗುತ್ತೇನೆ.

ದುಡ್ಡು ಕೊಡೋಕೆ ತಯಾರಿದ್ದರೆ ಕಾಗಿ ಅನ್ನೋ ಸರ್ಚ್ ಎಂಜಿನ್ ಇದೆ. ತಿಂಗಳಿಗೆ 10 ಡಾಲರ್ ಕಟ್ಟಿದರೆ ಎಷ್ಟು ಬೇಕಾದರೂ ಹುಡುಕಬಹುದು. ಜಾಹೀರಾತಿಲ್ಲ. ನಿಮಗೆ ಬೇಡದ ಜಾಲತಾಣವನ್ನು ಇನ್ನೆಂದೂ ತೋರಿಸಬೇಡ ಅಂತ ಹೇಳಬಹುದು, ಇದು ಎಂಥ ಸುಖ ಅಂತ ಬಳಸಿದವರಿಗೇ ಗೊತ್ತು. ಒಂದು ಅನುಮಾನ ನಿಮಗೆ ಬಂದಿರಬೇಕು. ದುಡ್ಡು ಕಟ್ಟಬೇಕಾದರೆ ಖಾತೆ ಬೇಕು, ಖಾತೆ ಇದ್ದರೆ ದಾರ ಇದ್ದ ಹಾಗೇ ಅಲ್ವಾ? ಸರಿಯಾದ ಅನುಮಾನ. ಅದಕ್ಕೆ 2025ರಲ್ಲಿ ಅವರು ಪ್ರೈವಸಿ ಪಾಸ್ ಅಂತ ತಂದರು. ಬಸ್ಸಿನ ಟೋಕನ್ ಇದ್ದ ಹಾಗೆ ಅದು. ಇವರು ದುಡ್ಡು ಕೊಟ್ಟವರು ಅನ್ನೋದು ಗೊತ್ತಾಗುತ್ತೆ, ಯಾರು ಅನ್ನೋದು ಗೊತ್ತಾಗಲ್ಲ. ಇನ್ನು ಸ್ವಂತ ಸರ್ವರ್ ಇಟ್ಟುಕೊಳ್ಳೋ ಹುಮ್ಮಸ್ಸು ಇದ್ದವರಿಗೆ ಸರ್ಕ್ಸ್‌ಎನ್‌ಜಿ (SearXNG) ಇದೆ, ಹತ್ತಾರು ಕಡೆ ಕೇಳಿ ಒಟ್ಟು ಮಾಡಿ ಕೊಡುತ್ತೆ. ಅದರ ಬಗ್ಗೆ ಶುರು ಮಾಡಿದರೆ ನೀವು ಇವತ್ತು ಮನೆಗೆ ಹೋಗಲ್ಲ.

ಇವರ ಮಾತನ್ನು ನಂಬೋದು ಹೇಗೆ ಅಂತ ಕೇಳಬಹುದು. ಕಣ್ಣು ಮುಚ್ಚಿ ನಂಬಬೇಡಿ. 2022ರ ಮೇನಲ್ಲಿ ಡಕ್‌ಡಕ್‌ಗೋ ಬ್ರೌಸರ್ ಆ್ಯಪ್ ಬೇರೆ ಜಾಲತಾಣಗಳಲ್ಲಿರುವ ಮೈಕ್ರೋಸಾಫ್ಟ್ ಟ್ರ್ಯಾಕರ್‌ಗಳನ್ನು, ಅಂದರೆ ನಾವು ಎಲ್ಲೆಲ್ಲಿ ಓಡಾಡುತ್ತೇವೆ ಅಂತ ಗಮನಿಸುವ ಕೋಡ್‌ಗಳನ್ನು, ತಡೆಯದೆ ಬಿಡುತ್ತಿದೆ ಅಂತ ಒಬ್ಬ ಸಂಶೋಧಕರು ಪತ್ತೆ ಹಚ್ಚಿದರು. ಮೈಕ್ರೋಸಾಫ್ಟ್ ಜೊತೆಗಿನ ಒಪ್ಪಂದ ಕಾರಣ. ಜನ ಬೈದರು, ಆಗಸ್ಟ್‌ನಲ್ಲಿ ಸರಿಪಡಿಸಿದರು. ತೊಂದರೆ ಇದ್ದದ್ದು ಬ್ರೌಸರ್‌ನಲ್ಲಿ, ಹುಡುಕಾಟದಲ್ಲಲ್ಲ. ಆದರೂ ನನಗೆ ಬೇಜಾರಾಯಿತು. ಬೇಜಾರಾಗಿ ಗೂಗಲ್‌ಗೆ ವಾಪಸ್ ಹೋದೆನಾ? ಇಲ್ಲ. ಅದು, ಸೊಳ್ಳೆ ಪರದೆಯಲ್ಲಿ ಒಂದು ತೂತು ಕಂಡಿತು ಅಂತ ಪರದೆಯನ್ನೇ ಕಿತ್ತು ಬಿಸಾಕಿದ ಹಾಗೆ.

ನಾನು ಬದಲಾಯಿಸಿದ್ದು ಹೇಗೆ ಅಂತ ಹೇಳ್ತೀನಿ. ಕಂಪ್ಯೂಟರ್ ಪಕ್ಕ ಒಂದು ಕಾಗದ ಇಟ್ಟೆ. ಹೊಸದರಲ್ಲಿ ಸಿಗದೆ ಗೂಗಲ್‌ಗೆ ಓಡಿದಾಗೆಲ್ಲ ಒಂದು ಗೆರೆ ಎಳೆಯೋದು. ಮೊದಲ ದಿನ ಸಂಜೆಗೆ ಕಾಗದದ ಮೇಲೆ ಗೆರೆಯೋ ಗೆರೆ, ಜೈಲಿನ ಗೋಡೆ ಥರ. ಇದು ನಮಗೆ ಆಗೋದಲ್ಲ ಅಂದುಕೊಂಡೆ. ಆಮೇಲೆ ಗಮನಿಸಿದರೆ ಅರ್ಧಕ್ಕಿಂತ ಜಾಸ್ತಿ ಸಲ ಗೂಗಲ್‌ನಲ್ಲೂ ಅದೇ ಮೊದಲ ಮೂರು ಫಲಿತಾಂಶ ಬಂದಿದ್ದವು. ನಾನು ಓಡಿದ್ದು ಉತ್ತರ ಇಲ್ಲ ಅಂತಲ್ಲ, ಪುಟದ ಬಣ್ಣ ಬೇರೆ ಇತ್ತು ಅಂತ! ಆಗ ನಿಯಮ ಬದಲಿಸಿದೆ. ಗೂಗಲ್‌ಗೆ ಹೋಗಬಹುದು, ಆದರೆ ಮೊದಲು ಇಲ್ಲಿನ ಐದು ಫಲಿತಾಂಶ ನಿಜವಾಗಿ ಓದಬೇಕು. ಮೂರನೇ ವಾರಕ್ಕೆ ದಿನಕ್ಕೆ ಮೂರೋ ನಾಲ್ಕೋ ಗೆರೆ ಉಳಿದವು.

ಉಳಿದ ಆ ಗೆರೆಗಳು ನಿಜವಾದ ಗೆರೆಗಳು, ಅದನ್ನೂ ಹೇಳಬೇಕು. ಹತ್ತಿರದಲ್ಲಿ ಯಾವ ಅಂಗಡಿ ಈಗ ತೆರೆದಿದೆ ಅನ್ನೋದು. ಅರ್ಧ ಗಂಟೆ ಹಿಂದೆ ಆದ ಸುದ್ದಿ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಹುಡುಕೋದು. ಕನ್ನಡದಲ್ಲಿ ಟೈಪ್ ಮಾಡಿದರೆ ಸಣ್ಣ ಸರ್ಚ್ ಎಂಜಿನ್‌ಗಳು ಇನ್ನೂ ತಡವರಿಸುತ್ತವೆ, ವಿಭಕ್ತಿ ಪ್ರತ್ಯಯ ಸ್ವಲ್ಪ ಬದಲಾದರೂ ಕಂಗಾಲು. ಇಂಥದ್ದಕ್ಕೆ ನಾನು ಈಗಲೂ ಗೂಗಲ್‌ಗೇ ಹೋಗೋದು, ಲಾಗಿನ್ ಆಗದೆ. ಕಾಯಿಲೆ, ಸಾಲ, ಕೋರ್ಟು, ಸಂಬಂಧ ಇಂಥದ್ದಕ್ಕೆ ಹೋಗಲ್ಲ. ಅಂಗಡಿ ತೆರೆದಿದೆಯಾ ಅಂತ ನಾನು ಕೇಳಿದ್ದು ಯಾರಿಗೆ ಗೊತ್ತಾದರೂ ನನಗೇನು.

ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ ಅನ್ನೋ ಖಾಸಗಿ ಕಿಟಕಿ ಇದೆಯಲ್ಲ ಅಂತ ಹಿಂದಿನ ಸಾಲಿನವರು ಕೇಳುತ್ತಿದ್ದಾರೆ. ಅದು ನಿಮ್ಮ ಹುಡುಕಾಟವನ್ನು ಮುಚ್ಚಿಡೋದು ನಿಮ್ಮದೇ ಕಂಪ್ಯೂಟರ್ ಬಳಸುವ ಮನೆಯವರಿಂದ. ಆ ಕಡೆ ಇರುವವರಿಂದ ಅಲ್ಲ. ಈ ಬಗ್ಗೆಯೇ 2020ರಲ್ಲಿ ಗೂಗಲ್ ಮೇಲೆ ಮೊಕದ್ದಮೆ ಬಿತ್ತು, 2024ರ ರಾಜಿಯಲ್ಲಿ ಹಾಗೆ ಕೂಡಿಟ್ಟ ನೂರಾರು ಕೋಟಿ ದಾಖಲೆಗಳನ್ನು ಅಳಿಸಲು ಕಂಪನಿ ಒಪ್ಪಿತು. ಖಾಸಗಿ ಸರ್ಚ್ ಎಂಜಿನ್‌ಗೂ ಮಿತಿ ಇದೆ. ಫಲಿತಾಂಶ ಒತ್ತಿ ಒಂದು ಜಾಲತಾಣದ ಒಳಗೆ ಕಾಲಿಟ್ಟಮೇಲೆ ಅಲ್ಲಿರುವ ಟ್ರ್ಯಾಕರ್‌ಗಳು ನಿಮ್ಮನ್ನು ನೋಡುತ್ತವೆ. ಇಂಟರ್ನೆಟ್ ಕೊಡುವವರಿಗೆ ನೀವು ಏನು ಕೇಳಿದಿರಿ ಅನ್ನೋದು ಕಾಣಲ್ಲ, ಯಾವ ತಾಣಕ್ಕೆ ಹೋದಿರಿ ಅನ್ನೋದು ಕಾಣಬಹುದು. ಟ್ರ್ಯಾಕರ್ ತಡೆಯುವ ಬ್ರೌಸರ್ ಜೊತೆಗಿದ್ದರೆ ಒಳ್ಳೇದು. ಆದರೆ ಎಲ್ಲವನ್ನೂ ಒಂದೇ ದಿನ ಬದಲಿಸಲು ಹೋಗಬೇಡಿ. ಹಾಗೆ ಮಾಡಿದವರು ವಾರದೊಳಗೆ ಎಲ್ಲವನ್ನೂ ಬಿಟ್ಟು ಮೊದಲಿನಂತೆ ಆಗಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಒಂದು ಸಣ್ಣ ಉಪಾಯ ಹೇಳುತ್ತೇನೆ, ನನ್ನನ್ನು ಉಳಿಸಿದ್ದು ಇದೇ. ಡಕ್‌ಡಕ್‌ಗೋನಲ್ಲಿ ಬ್ಯಾಂಗ್ ಅಂತ ಇದೆ. ಹುಡುಕುವ ಪದದ ಜೊತೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ, ಅದಕ್ಕೆ ಅಂಟಿಸಿ ಇಂಗ್ಲಿಷಿನ ಡಬ್ಲ್ಯು ಅಕ್ಷರ ಬರೆದರೆ ನೇರ ವಿಕಿಪೀಡಿಯಕ್ಕೆ ಹೋಗುತ್ತೆ. ಜಿ ಬರೆದರೆ ಗೂಗಲ್‌ಗೆ. ಅಂದರೆ ಹಳೇ ಮನೆ ಎರಡು ಅಕ್ಷರದಷ್ಟು ದೂರದಲ್ಲೇ ಇರುತ್ತೆ. ಬಾಗಿಲು ಹಾಕಿಕೊಂಡು ಬಂದಿಲ್ಲ ಅನ್ನೋ ಧೈರ್ಯ ಇದ್ದರೆ ಹೊಸ ಮನೆಯಲ್ಲಿ ನಿದ್ದೆ ಬರುತ್ತೆ. ಒಂದು ಎಚ್ಚರಿಕೆ, ಹಾಗೆ ಗೂಗಲ್‌ಗೆ ದಾಟಿದ ಮೇಲೆ ನೀವು ಗೂಗಲ್‌ನಲ್ಲೇ ಇರುತ್ತೀರಿ, ಬಂದ ದಾರಿ ನಿಮ್ಮನ್ನು ಕಾಪಾಡಲ್ಲ.

ಗೂಗಲ್ ಈಗಾಗಲೇ ಬರೆದಿಟ್ಟುಕೊಂಡಿರೋ ನಿಮ್ಮ ಹಳೇ ಹುಡುಕಾಟಗಳನ್ನು ಏನು ಮಾಡೋದು ಅಂದರೆ, ಖಾತೆಯ ಆ ಚಟುವಟಿಕೆ ಪುಟದಲ್ಲೇ ಬರೆದುಕೊಳ್ಳೋದನ್ನು ನಿಲ್ಲಿಸಬಹುದು, ಹಿಂದಿನದನ್ನು ಅಳಿಸಬಹುದು. ತಾನಾಗಿ ಅಳಿಯುವ ಹಾಗೂ ಮಾಡಬಹುದು, 3 ತಿಂಗಳು, 18 ತಿಂಗಳು ಅಥವಾ 36 ತಿಂಗಳಿಗೆ. 3 ಇಡಿ.

ಕಂಪ್ಯೂಟರ್ ಮೊದಲೋ ಫೋನ್ ಮೊದಲೋ ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಫೋನ್. ಕಂಪ್ಯೂಟರಿನಲ್ಲಿ ನಾವು ಹುಡುಕೋದು ಬಹುಪಾಲು ಆಫೀಸಿನ ಕೆಲಸ. ರಾತ್ರಿ 1:50ರ ಪ್ರಶ್ನೆಗಳೆಲ್ಲ ಹೋಗೋದು ಫೋನಿಗೆ. ಬ್ರೌಸರ್ ತೆರೆಯಿರಿ, ಸೆಟ್ಟಿಂಗ್ಸ್, ಸರ್ಚ್ ಎಂಜಿನ್, ಅಲ್ಲಿ ಪಟ್ಟಿ ಇರುತ್ತೆ. ಹೇಗೂ ಫೋನ್ ಕೈಯಲ್ಲೇ ಇದೆ, ನಾನು ಕಾಯ್ತೀನಿ.